ಅವರೆಬಳ್ಳಿಯ ಅಪ್ರದಕ್ಷಿಣೆ

ಬಾಲ್ಕನಿಯ ಹಗ್ಗದಿಂದ ಜಾರಿದ ಅವರೆಬಳ್ಳಿಯ ತುದಿ ಇಂದು ಬೆಳಿಗ್ಗೆ ನನ್ನ ಭುಜಕ್ಕೆ ತಾಗಿತು. ಅದನ್ನು ಮತ್ತೆ ಸುತ್ತಲೆಂದು ಕೈ ಎತ್ತಿದವನು ಹಾಗೆಯೇ ನಿಂತುಬಿಟ್ಟೆ. ಸಸ್ಯಗಳ ಬೆಳವಣಿಗೆಯನ್ನೇ ಜೀವಮಾನವಿಡೀ ಅಭ್ಯಾಸ ಮಾಡಿದವನು ಒಂದು ಬಳ್ಳಿಯ ಮುಂದೆ ಅಳುಕುವುದೇಕೆ ಎಂದು ನೀವು ಕೇಳಬಹುದು.

ಕಾರಣ ಹಳೆಯದು. ಆಗ ನಾನು ಪಾಂಡವಪುರದಲ್ಲೊಂದು ಕೋಣೆ ಹಿಡಿದಿದ್ದೆ. ಇಸವಿ ೧೯೯೪ ಎಂದು ದಿನಚರಿ ಹೇಳುತ್ತದೆ. ಅದೇ ವಾರ ತೊಣ್ಣೂರು ಕೆರೆಯ ದಂಡೆಯಲ್ಲಿ ಕಿತ್ತು ಒಣಗಿಸಿ ಅಂಟಿಸಿಟ್ಟ ಎಲೆಯ ಹಾಳೆ ೧೯೯೫ ಎನ್ನುತ್ತದೆ. ಎರಡನ್ನೂ ಬರೆದವನು ನಾನೇ ಆದ್ದರಿಂದ ಯಾರನ್ನು ನಂಬಬೇಕೋ ತಿಳಿಯದು. ಅವರೆ ಇನ್ನೂ ಹೂ ಬಿಟ್ಟಿರಲಿಲ್ಲ ಎಂಬುದಷ್ಟೇ ಖಚಿತ.

ಮನೆಯೊಡತಿ ಪುಟ್ಟತಾಯಮ್ಮನವರ ಹಿತ್ತಲಿನಲ್ಲಿ ಒಂದೇ ಒಂದು ಚಪ್ಪರದವರೆ ಬಳ್ಳಿ ಇತ್ತು. ತೀರಿಕೊಂಡ ತಾಯಿಯ ಬೀಜದ ಮಡಕೆಯ ತಳದಲ್ಲಿ ಸಿಕ್ಕಿ, ಕೆ.ಆರ್. ಪೇಟೆ ಕಡೆಯ ತವರಿನಿಂದ ಬಂದ ಐದು ಕಾಳುಗಳಲ್ಲಿ ಮೊಳೆತದ್ದು ಅದೊಂದೇ. ಅದು ಚಪ್ಪರವೇರಿ ಕಾಯಿಬಿಟ್ಟರೆ ಬೀಜ ಉಳಿಯಿತು. ಇಲ್ಲವಾದರೆ ಆ ತಳಿಯೇ ಮುಗಿಯಿತು. ಅಂಥ ಬಳ್ಳಿಯನ್ನು ನನ್ನ ಸೈಕಲ್ಲಿನ ಹ್ಯಾಂಡಲ್ಲು ಗೂಟದಿಂದ ಎಳೆದುಹಾಕಿತು.

ನಾನು ಹೆದರಲಿಲ್ಲ. ಅವರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆಂದು ಪುಸ್ತಕ ಹೇಳಿತ್ತು. ಗೂಟದ ಬುಡದಲ್ಲಿ ಕುಳಿತು, ತಲೆಯೆತ್ತಿ ನೋಡುತ್ತ, ಮುಳ್ಳಿಗೆ ವಿರುದ್ಧವಾಗಿಯೇ ಸುತ್ತಿದೆ. ನಾರಿನಿಂದ ಕಟ್ಟಲಿಲ್ಲ, ಶಾಸ್ತ್ರಕ್ಕೆ ನಾರೇಕೆ?

ಮೂರನೆಯ ದಿನ ಬಳ್ಳಿ ಅಷ್ಟೂ ಸುತ್ತುಗಳನ್ನು ಬಿಚ್ಚಿಕೊಂಡು ನೆಲದ ಮೇಲಿತ್ತು. ಪಕ್ಕದ ಮನೆಯ ಮೇಕೆ ಬೇಲಿಯಾಚೆಯಿಂದ ಅದನ್ನೇ ನೋಡುತ್ತಿತ್ತು.

“ಇದ್ಯಾರು ಸುತ್ತಿದ್ದು?” ಎಂದರು ಪುಟ್ಟತಾಯಮ್ಮ.

ತಪ್ಪೊಪ್ಪಿಕೊಂಡೆ.

“ಗುಡಿ ಸುತ್ತಿದಂಗೆ ಸುತ್ತಿದೀರಲ್ಲ ಸಾ. ನಾವು ದೇವ್ರನ್ನ ಬಲಗಡೆ ಇಟ್ಕೊಂಡು ಸುತ್ತಲ್ವಾ? ಇದು ಗೂಟ್ವ ಎಡಗಡೆ ಇಟ್ಕೊಂಡು ಸುತ್ತದು.”

“ಪುಸ್ತಕದಲ್ಲಿ ಹೀಗೇ ಇದೆಯಲ್ಲ...”

“ಬಳ್ಳಿ ಅದ್ನ ಓದಿಲ್ಲ ಬುಡಿ.”

ಜಗಲಿಯಿಂದ ಅವರ ಯಜಮಾನರ ದನಿ ಬಂತು: “ಓದ್ದೋರು ಕಣಮ್ಮಿ, ಸುಮ್ಕಿರು. ಬಳ್ಳಿಗೇ ಪಾಠ ಹೇಳ್ಕೊಟ್ಟವ್ರೆ. ಅದು ಫೇಲಾಗೈತೆ, ಅಷ್ಟೇಯ.”

ಆಕೆ ನಗುತ್ತಲೇ ಬಳ್ಳಿಯನ್ನು ತಿರುವಿ ಸುತ್ತಿ, ಬಾಳೆನಾರಿನಿಂದ ಸಡಿಲವಾಗಿ ಕಟ್ಟಿದರು. ನಾನು ಕೋಣೆಗೆ ಬಂದು ಪುಸ್ತಕ ತೆರೆದೆ. ಅದೇ ವಾಕ್ಯದ ಕೊನೆಯಲ್ಲಿ ‘ಮೇಲಿನಿಂದ ನೋಡಿದಾಗ’ ಎಂದಿತ್ತು. ನಾನು ಕುಳಿತದ್ದು ಬುಡದಲ್ಲಿ, ಅಲ್ಲಿಂದ ದಿಕ್ಕು ತಿರುವುಮುರುವು. ಕಾಂಡದ ಒಂದು ಮಗ್ಗುಲಿನ ಜೀವಕೋಶಗಳು ಇನ್ನೊಂದು ಮಗ್ಗುಲಿನವುಗಳಿಗಿಂತ ಬೇಗ ಉದ್ದವಾಗುತ್ತವೆ, ಅದರಿಂದಲೇ ತುದಿ ತಿರುಗುತ್ತದೆ ಎಂಬುದು ನನಗೆ ಗೊತ್ತಿತ್ತು. ಎಲ್ಲಿ ನಿಂತು ನೋಡಬೇಕೆಂಬುದು ಗೊತ್ತಿರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಚಪ್ಪರದ ತುಂಬ ಕಾಯಿ. ಮರುವರ್ಷ ಕೋಣೆ ಬಿಟ್ಟು ಹೊರಟಾಗ ಪುಟ್ಟತಾಯಮ್ಮ ನನ್ನ ಅಂಗೈಗೆ ಐದು ಕಾಳು ಹಾಕಿ, “ಗುಡಿ ಸುತ್ತಿಸ್ಬ್ಯಾಡಿ ಸಾ” ಎಂದರು.

ಬಾಲ್ಕನಿಯಲ್ಲಿರುವುದು ಆ ಕಾಳುಗಳ ಎಷ್ಟನೆಯ ತಲೆಮಾರೋ. ನನ್ನ ಬಳಿ ದಾಖಲೆಯಿಲ್ಲದ ಸಂಗತಿ ಇದೊಂದೇ. ಒಳಗಿನಿಂದ ಸ್ಟೂಲು ತಂದು ಹತ್ತಿದೆ. ಮೇಲಿನಿಂದ ನೋಡಿ, ಹಗ್ಗ ಬಳ್ಳಿಯ ಎಡಕ್ಕೆ ಬರುವಂತೆ ಸುತ್ತಿದೆ. ಆಮೇಲೆ, ಯಾವುದಕ್ಕೂ ಇರಲೆಂದು, ಒಂದೆಳೆ ಬಾಳೆನಾರನ್ನೂ ಕಟ್ಟಿದೆ.