ಊಟದ ಮೇಜಿನ ಎಕ್ಸ್‌ಪ್ರೆಸ್

ಗಂಡನೆನಿಸಿಕೊಂಡವನು ಊಟದ ಮೇಜನ್ನು ತನ್ನ ಆಟಿಕೆ ರೈಲಿಗೆ ಬರೆದುಕೊಟ್ಟ ಮೇಲೆ ದರ್ಜಿಯಮ್ಮ ಹೊಲಿಗೆ ಯಂತ್ರದ ಮೇಲೆಯೇ ತಟ್ಟೆ ಇಟ್ಟುಕೊಂಡು ಉಣ್ಣುತ್ತಿದ್ದಳು. ಮೇಜಿನ ತುಂಬ ಹಳಿ, ಸುರಂಗ, ಥರ್ಮಾಕೋಲಿನ ಗುಡ್ಡ. ಗುಡ್ಡಕ್ಕೆ ಹುಲ್ಲೆಂದು ಹೊದಿಸಿದ್ದು ಯಾರೋ ಗಿರಾಕಿ ಹೊಲಿಯಲು ಕೊಟ್ಟಿದ್ದ ಹಸಿರು ವೆಲ್ವೆಟ್ಟು! ಸೋರುವ ನಲ್ಲಿಗೆ ಒಂದು ವಾಷರ್ ಹಾಕೆಂದರೆ ಸೊಂಟ ಹಿಡಿದುಕೊಳ್ಳುವ ಮಹಾರಾಯ, ಬೆಂಕಿಕಡ್ಡಿಯಷ್ಟು ಸಿಗ್ನಲ್ ಕಂಬಕ್ಕೆ ಉಸಿರು ಬಿಗಿಹಿಡಿದು ಬಣ್ಣ ಬಳಿಯುತ್ತಿದ್ದ. ಹೆಂಡತಿಯನ್ನು ನಿಜವಾದ ರೈಲು ಹತ್ತಿಸುವ ಮಾತು ಮಾತ್ರ ಮದುವೆಯಾದಾಗಿನಿಂದ "ಮುಂದಿನ ವರ್ಷ ನೋಡೋಣ" ಎಂಬಲ್ಲೇ ಕೆಟ್ಟು ನಿಂತಿತ್ತು.

ಒಂದು ದಿನ ಅವನು ಬೀಗುತ್ತ ಕರೆದ. "ಬಾರೇ ಇಲ್ಲಿ, ಪ್ಲಾಟ್‌ಫಾರ್ಮ್ ಮೇಲೆ ಯಾರಿದಾರೆ ನೋಡು. ನೀನೇ!"

ಉಗುರಿನಷ್ಟು ಗೊಂಬೆ. ಕೈಯಲ್ಲೊಂದು ಚೀಲ, ಕಾಲಡಿಗೆ ಗೋಂದು.

"ಗಾಡಿ ಇಲ್ಲಿ ನಿಲ್ಲುತ್ತಾ?" ಎಂದು ಕೇಳಿದಳು.

"ಎಕ್ಸ್‌ಪ್ರೆಸ್ ಕಣೇ ಇದು! ಇಂಥ ಪುಟಗೋಸಿ ಸ್ಟೇಷನ್ನಲ್ಲೆಲ್ಲ ನಿಲ್ಲಲ್ಲ."

ಅವಳು ಕತ್ತರಿಯ ತುದಿಯಿಂದ ಗೊಂಬೆಯನ್ನು ಮೀಟಿ ತೆಗೆದು ತನ್ನ ಗುಂಡಿ ಡಬ್ಬಿಗೆ ಹಾಕಿಕೊಂಡಳು.

"ಅಯ್ಯೋ, ಏನೇ ಮಾಡ್ದೆ!"

"ನಿಮ್ಮ ಗಾಡಿಗೆ ಕಾದಿದ್ದು ಸಾಕು. ನಾನು ನಡ್ಕೊಂಡೇ ಹೋಗ್ತೀನಿ."