ದಿನ ತುಂಬಿ ದಾಟಿದ ವಾರ

ಡಾಕ್ಟರು ಬರೆದುಕೊಟ್ಟಿದ್ದ ತಾರೀಖು ಬಂತು, ಹೋಯಿತು. ನಾನು ಮಾತ್ರ ಎಲ್ಲಿಗೂ ಹೋಗದೆ ಅಮ್ಮನ ಮನೆಯ ಜಗಲಿಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದೆ. ಬೆಳಗ್ಗೆ ಡೇರಿಗೆ ಹಾಲು ಹಾಕಲು ಹೋಗುವವರೆಲ್ಲ ನಮ್ಮ ಮನೆಯ ಮುಂದೆಯೇ ಹಾದುಹೋಗಬೇಕು. ಕ್ಯಾನು ಹಿಡಿದ ಒಬ್ಬೊಬ್ಬರೂ ಮೊದಲು ನನ್ನ ಮುಖ ನೋಡಿ, ಆಮೇಲೆ ಹೊಟ್ಟೆ ನೋಡಿ, "ಇನ್ನೂ ಆಗಿಲ್ವೇನಮ್ಮಾ?" ಅನ್ನುತ್ತಿದ್ದರು. ಆಗಿದ್ದರೆ ನಾನು ಹೀಗೆ ಕುಂಬಳಕಾಯಿ ಹೊತ್ತುಕೊಂಡು ಇವರಿಗೆ ದರ್ಶನ ಕೊಡುತ್ತಾ ಕೂರುತ್ತಿದ್ದೆನೇ? ಮೊದಮೊದಲು ನಕ್ಕು "ಇನ್ನೂ ಇಲ್ಲ" ಅಂದೆ. ಆಮೇಲೆ ಹಾಲಿನ ಹೊತ್ತಿಗೆ ಸರಿಯಾಗಿ ಒಳಗೆ ಹೋಗಿ ಮಲಗತೊಡಗಿದೆ. ಅವರು ಕಿಟಕಿಯಲ್ಲಿ ಬಗ್ಗಿ ಕೇಳತೊಡಗಿದರು.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಸೀಮಂತ ಮುಗಿಸಿಕೊಂಡು ಅಮ್ಮ ನನ್ನನ್ನು ಮುಳಬಾಗಿಲಿನ ಅತ್ತೆ ಮನೆಯಿಂದ ಕರೆತಂದಿದ್ದಳು. ತವರೂರು ಹೋಳೂರಿನ ಪಕ್ಕದ ಒಂದು ಹಳ್ಳಿ. ಒಂದಿಷ್ಟು ರಾಗಿ, ಟೊಮೆಟೊ, ಹಿಪ್ಪುನೇರಳೆ ತೋಟ, ಮನೆಯ ಹಿಂದೆ ರೇಷ್ಮೆ ಹುಳದ ಮನೆ. ಹುಳದ ಮನೆಗೆ ಅಮ್ಮನೇ ಯಜಮಾನಿ. ಅಪ್ಪ ಸೊಪ್ಪು ಕಡಿದು ತಂದು ಬಾಗಿಲಲ್ಲಿ ಇಳಿಸಬಹುದು, ಅಷ್ಟೇ. ಒಳಗೆ ಏನು ನಡೆಯಬೇಕೆಂದು ಹೇಳುವವಳು ಅವಳು. ಮೈಗೆ ಸೆಂಟು ಹೊಡೆದುಕೊಂಡವರು ಆ ಬಾಗಿಲಿನ ಹತ್ತಿರ ಸುಳಿಯುವಂತಿಲ್ಲ. ಮಗು ಹುಟ್ಟಿದ ಮನೆಯವರು ಪುರುಡು ಕಳೆಯುವ ತನಕ ಹುಳ ಮುಟ್ಟುವಂತಿಲ್ಲ. ಈ ಎರಡನೆಯ ಕಟ್ಟಳೆಯೇ ಆ ವಾರ ನನ್ನ ತಲೆ ಕೆಡಿಸಿದ್ದು.

ಯಾಕೆಂದರೆ ಅಮ್ಮ ನನ್ನ ತಾರೀಖು ನೋಡಿಕೊಂಡೇ ಆ ಸಲ ಹುಳದ ಮರಿ ತಂದಿದ್ದಳು. ಮಗು ಹುಟ್ಟುವಾಗ ಹುಳ ಚಿಕ್ಕದಿರುತ್ತದೆ, ವಕ್ಕಲೇರಿಯ ಚಿಕ್ಕಮ್ಮ ಬಂದು ನೋಡಿಕೊಳ್ಳುತ್ತಾಳೆ, ಹುಳ ದೊಡ್ಡದಾಗಿ ಕೆಲಸ ಹೆಚ್ಚುವ ಹೊತ್ತಿಗೆ ಪುರುಡು ಕಳೆದಿರುತ್ತದೆ ಎಂದು ಅವಳ ಲೆಕ್ಕ. ರೇಷ್ಮೆ ಹುಳ ನಾಲ್ಕು ಸಲ ತಿನ್ನುವುದು ಬಿಟ್ಟು ಪೊರೆ ಕಳಚುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು; ಚಿಕ್ಕಮ್ಮ ಒಬ್ಬಳಿಂದ ಆಗುವ ಕೆಲಸವಲ್ಲ. ಆ ವಾರ ಹುಳ ನಾಲ್ಕನೇ ಜ್ವರ ಎದ್ದಿತ್ತು. ನಾನು ಎದ್ದಿರಲಿಲ್ಲ.

ಕೋಲಾರದ ಆಸ್ಪತ್ರೆಯ ಡಾಕ್ಟರು ಮೃದು ಮಾತಿನ ಹೆಂಗಸು. ನಮ್ಮ ಅಜ್ಜಿ ಜೊತೆಗಿದ್ದರೆ ತೆಲುಗಿನಲ್ಲಿ, ನನ್ನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದರು. ಸ್ಕ್ಯಾನ್ ನೋಡಿ, ಮಗುವಿನ ಎದೆಬಡಿತ ಕೇಳಿ, "ಮಗು ಚೆನ್ನಾಗಿದೆ. ಅಡ್ಮಿಟ್ ಆದ್ರೆ ನೋವು ಬರೋಕೆ ಔಷಧಿ ಕೊಡ್ತೀನಿ. ಬೇಡ ಅಂದ್ರೆ ಇನ್ನೆರಡು ದಿನ ಕಾಯ್ಬಹುದು, ಆದ್ರೆ ದಿನಾ ಬಂದು ತೋರಿಸ್ಬೇಕು. ಮನೇಲಿ ಮಾತಾಡ್ಕೊಂಡು ಬನ್ನಿ" ಅಂದರು. ಮನೆಯಲ್ಲಿ ಮಾತಾಡಿಕೊಂಡು ಬನ್ನಿ ಅನ್ನುವ ಮೊದಲು ಅವರು ಒಮ್ಮೆ ನಮ್ಮ ಮನೆಗೆ ಬರಬೇಕಿತ್ತು.

ಆ ಸಂಜೆ ಮಾತಾಡಿಕೊಂಡೆವು. ಅಪ್ಪನೇ ಶುರು ಮಾಡಿದ. ಹುಳ ಹಣ್ಣಾಗುವಾಗ, ಎಂದರೆ ಗೂಡು ಕಟ್ಟಲು ತಯಾರಾಗುವಾಗ, ಎಲ್ಲವೂ ಒಟ್ಟಿಗೆ ಹಣ್ಣಾಗಲೆಂದು ಸೊಪ್ಪಿನ ಮೇಲೆ ಚಿಮುಕಿಸುವ ಒಂದು ಔಷಧಿ ಇದೆ. ಅಪ್ಪನಿಗೆ ಅದರ ಮೇಲೆ ಬಹಳ ಪ್ರೀತಿ.

"ಹುಳಕ್ಕೇ ಔಷಧಿ ಹಾಕಿ ಹಣ್ಣು ಮಾಡ್ತೀವಿ. ಇದೂ ಹಂಗೇ ಅಲ್ವಾ? ಹಾಕಿದ್ರೆ ಸಾಯಂಕಾಲಕ್ಕೆಲ್ಲ ಕೆಲ್ಸ ಮುಗೀತದೆ" ಅಂದ.

ಅಮ್ಮ ಕೈಯಲ್ಲಿದ್ದ ರಾಗಿ ಮುದ್ದೆಯ ಕೋಲನ್ನು ಎತ್ತಿ ಹಿಡಿದಳು. "ಮಗಳೂ ಹುಳವೂ ಒಂದೇನಾ ನಿಂಗೆ? ಆ ಔಷಧೀನೂ ಯಾವಾಗ ಹಾಕ್ತಾರೆ ಅಂತ ಗೊತ್ತಾ? ಮೊದ್ಲು ನಾಲ್ಕು ಹುಳ ತಾವಾಗೇ ಹಣ್ಣಾಗ್ಬೇಕು. ಅದಕ್ಕೂ ಮುಂಚೆ ಹಾಕಿದ್ರೆ ಗೂಡು ತೆಳ್ಳಗಾಗ್ತದೆ. ಇವಳಿಗೆ ಒಂದು ಸಣ್ಣ ನೋವೂ ಬಂದಿಲ್ಲ. ಕಾಯ್ಬೇಕು."

ಮಗಳೂ ಹುಳವೂ ಒಂದೇನಾ ಎಂದು ಕೇಳಿದವಳು ತಾನೇ ಅರ್ಧ ನಿಮಿಷದಲ್ಲಿ ನನ್ನನ್ನು ಹುಳದ ತಟ್ಟೆಯ ಮೇಲೆ ಇಟ್ಟುಬಿಟ್ಟಳು. ಅದಾದ ಮೇಲೆ ಚರ್ಚೆಯೆಲ್ಲ ಹುಳದ ಭಾಷೆಯಲ್ಲೇ ನಡೆಯಿತು. ಸೊಪ್ಪು ಜಾಸ್ತಿಯಾಯಿತೋ, ಬಿಸಿ ಕಮ್ಮಿಯಾಯಿತೋ, ಮೋಡದ ದಿನಗಳಲ್ಲಿ ಎಲ್ಲವೂ ನಿಧಾನವಂತೆ. ನಾನು ಹೈಸ್ಕೂಲಿನ ಗಣಿತದ ಟೀಚರು; ಮಕ್ಕಳಿಗೆ ತರ್ಕ ಹೇಳಿಕೊಡುವವಳು. ನಾನೂ ಒಂದು ಹಂತದಲ್ಲಿ, "ಮೋಡ ಹೋದ ಮೇಲೆ ನೋಡೋಣ" ಅಂದುಬಿಟ್ಟೆ.

ಅಪ್ಪನ ತಾಯಿ, ನಮ್ಮ ಅಜ್ಜಿ, ಮುಖ್ಯವಾದ ತೀರ್ಪುಗಳನ್ನೆಲ್ಲ ತೆಲುಗಿನಲ್ಲೇ ಕೊಡುವುದು. "ವಸ್ತುಂದಿಲೇಮ್ಮಾ" ಅಂದಳು, ಬರುತ್ತೆ ಬಿಡಮ್ಮ ಎಂದು. ಅಷ್ಟು ಹೇಳಿ ಸುಮ್ಮನಾಗದೆ ಜೀರಿಗೆ ಕಷಾಯ ಕುಡಿಸಿ, ಅಂಗಳದಲ್ಲಿ ಸುತ್ತು ಹಾಕಿಸಿ, ನಾನು ಬೇಡವೆಂದರೂ ಬೆನ್ನಿಗೆ ಹರಳೆಣ್ಣೆ ತಿಕ್ಕಿದಳು. ಮಗು ಯಾವುದಕ್ಕೂ ಜಗ್ಗಲಿಲ್ಲ. ಒಳಗಿನಿಂದ ಒಂದು ಒದೆ ಕೊಟ್ಟು ಮಗ್ಗುಲು ಬದಲಾಯಿಸಿತು.

ಮುಳಬಾಗಿಲಿನಿಂದ ಅತ್ತೆಯ ಫೋನು ಬಂತು. ಅವರ ಕೈಯಲ್ಲಿ ಪಂಚಾಂಗ ಇರುವುದು ದನಿಯಲ್ಲೇ ಗೊತ್ತಾಗುತ್ತದೆ. "ನಾಳೆ ಮೂಲಾ ನಕ್ಷತ್ರ ಕಣಮ್ಮ. ಅದು ಕಳೀಲಿ. ಆಮೇಲೆ ಔಷಧಿನಾದ್ರೂ ಹಾಕಿಸ್ಕೋ, ಏನಾದ್ರೂ ಮಾಡ್ಕೋ" ಅಂದರು. ನಕ್ಷತ್ರ ನೋಡಿ ಹುಟ್ಟಲು ನನ್ನ ಮಗುವಿಗೆ ಒಳಗೆ ಪಂಚಾಂಗ ಯಾರು ಕೊಟ್ಟಿದ್ದರು? ಹಾಗೆಂದು ಬಾಯಿಗೆ ಬಂತು. "ಆಯ್ತು ಅತ್ತೆ" ಅಂದೆ.

ಇನ್ನು ಉಳಿದವರು ನನ್ನ ಗಂಡ. ಶ್ರೀನಿವಾಸಪುರದ ಕಾಲೇಜಿನಲ್ಲಿ ಪಾಠ ಮುಗಿಸಿ ದಿನಾ ಸಂಜೆ ಬೈಕಿನಲ್ಲಿ ಬಂದು ಹೋಗುತ್ತಿದ್ದರು. ಅವರನ್ನು ಕೇಳಿದರೆ, "ನಿಂಗೆ ಹೆಂಗೆ ಅನ್ಸುತ್ತೋ ಹಂಗೆ ಮಾಡೋಣ" ಅಂದರು. ಎಷ್ಟು ಒಳ್ಳೆಯ ಮಾತು! ಆ ಒಳ್ಳೆಯ ಮಾತಿಗೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನಗೆ ಹೇಗೂ ಅನ್ನಿಸುತ್ತಿರಲಿಲ್ಲ, ಅದೇ ಕಷ್ಟ. ಬೇಗ ಮಾಡಿಸಿದರೆ ಮಗುವಿಗೆ ಏನಾದರೂ ಆದೀತೆಂದು ಹೆದರಿಕೆ, ಕಾದರೂ ಏನಾದರೂ ಆದೀತೆಂದು ಹೆದರಿಕೆ. ಏನಾದರೂ ಆದರೆ ಆಮೇಲೆ ಜೀವಮಾನವಿಡೀ ಅದನ್ನು ಹೊರುವವಳು ನಾನು ಎಂಬುದು ಮಾತ್ರ ಖಂಡಿತವಾಗಿ ಗೊತ್ತಿತ್ತು.

ಮೂಲಾ ನಕ್ಷತ್ರದ ದಿನ ಮತ್ತೆ ಕೋಲಾರಕ್ಕೆ ಹೋದೆವು. ಅಮ್ಮ ಹುಳಕ್ಕೆ ಸೊಪ್ಪು ಹಾಕಿಯೇ ಬಂದಳು. ಸ್ಕ್ಯಾನ್ ಮಾಡಿದ ಡಾಕ್ಟರು, "ಎದೆಬಡಿತ ಚೆನ್ನಾಗಿದೆ. ಆದ್ರೆ ಮಗು ಸುತ್ತ ಇರೋ ನೀರು ನಿನ್ನೆಗಿಂತ ಕಮ್ಮಿಯಾಗಿದೆ" ಅಂದರು.

"ಅಂದ್ರೆ ಅಡ್ಮಿಟ್ ಆಗ್ಲೇಬೇಕಾ ಮೇಡಂ?"

"ಇವತ್ತೇ ಆಗ್ಲೇಬೇಕು ಅಂತ ಹೆದರಿಸಲ್ಲ. ಆದ್ರೆ ನನ್ನ ಕೇಳಿದ್ರೆ ಆಗಿ ಅಂತೀನಿ. ಕಾದಷ್ಟೂ ಅಪಾಯ ಸ್ವಲ್ಪ ಸ್ವಲ್ಪ ಜಾಸ್ತಿ ಆಗ್ತಾ ಹೋಗುತ್ತೆ. ಔಷಧಿ ಕೊಟ್ರೆ ನೋವು ಜೋರಾಗಿರುತ್ತೆ, ಒಂದೊಂದ್ಸಲ ಆಪರೇಷನ್ನೂ ಬೇಕಾಗ್ಬಹುದು. ಎರಡೂ ಹೇಳಿದೀನಿ. ಹೊರಗೆ ಕೂತು ಯೋಚ್ನೆ ಮಾಡಿ."

ಹೊರಗಿನ ಬೆಂಚಿನ ಮೇಲೆ ಅಮ್ಮ, ನಾನು. ನನ್ನ ಗಂಡ ಬೈಕಿನಲ್ಲಿ ಇನ್ನೂ ದಾರಿಯಲ್ಲಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ ಅಮ್ಮ, "ಬೇಡ ಕಣೇ. ಇನ್ನೊಂದು ದಿನ ನೋಡೋಣ" ಅಂದಳು.

ವಾರದಿಂದ ನುಂಗಿಕೊಂಡಿದ್ದದ್ದು ಆಗ ಹೊರಗೆ ಬಂತು. "ನಿಂಗೆ ನಿನ್ ಹುಳದ ಚಿಂತೆ. ಮಗು ಹುಟ್ಟಿದ್ರೆ ಹುಳ ಮುಟ್ಟೋ ಹಂಗಿಲ್ಲ, ಗೂಡು ಕಟ್ಟೋವರ್ಗೂ ನಾನು ಹೊಟ್ಟೆ ಹೊತ್ಕೊಂಡು ಕೂತಿರ್ಬೇಕು. ಅಷ್ಟೇ ತಾನೇ?" ಪಕ್ಕದಲ್ಲಿ ಬಾಣಂತಿಗೆ ಊಟ ತಂದಿದ್ದ ಹೆಂಗಸು ಕ್ಯಾರಿಯರ್ ಮುಚ್ಚಳ ಹಿಡಿದುಕೊಂಡು ನಮ್ಮ ಕಡೆಗೇ ತಿರುಗಿ ಕೂತಳು.

ಅಮ್ಮನಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ.

"ಹುಳ ಹಾಳಾಗ್ ಹೋಗ್ಲಿ" ಅಂದಳು. "ನಿನ್ ಮುಂಚೆ ಒಂದಿತ್ತು. ಗಂಡುಮಗು. ಹಿಂಗೇ ದಿನ ದಾಟಿತ್ತು. ಆಸ್ಪತ್ರೇಲಿ ನೋವು ಬರ್ಸೋಕೆ ಔಷಧಿ ಕೊಡ್ತೀವಿ ಅಂದ್ರು. ನಿಮ್ಮಪ್ಪ ಬೇಡ ಅಂದ, ನಿಮ್ಮಜ್ಜಿ ಕಾಯೋಣ ಅಂದ್ಲು. ನಾನೇ ಹೂಂ ಅಂದೆ. ಕಾಲೆಲ್ಲ ಊದಿ ಸಾಕಾಗಿತ್ತು ನಂಗೆ. ಮಗು ಅಳಲೇ ಇಲ್ಲ."

ನನಗಿಂತ ಮುಂಚೆ ಒಂದು ಮಗು ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ತಟ್ಟೆಯಲ್ಲಿ ಉಂಡಿದ್ದೇವೆ. ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ.

"ಯಾರಾದ್ರೂ ನಿನ್ನ ಬೈದ್ರಾ ಅಮ್ಮ?"

"ಯಾರೂ ಒಂದು ಮಾತು ಅನ್ಲಿಲ್ಲ. ಬೈದಿದ್ರೆ ಜಗಳಾನಾದ್ರೂ ಆಡ್ತಿದ್ದೆ."

ಅವಳ ಕೈ ಹಿಡಿದುಕೊಂಡೆ. ಸೊಪ್ಪಿನ ಹಾಲು ಮೆತ್ತಿ ಬೆರಳೆಲ್ಲ ಕಪ್ಪಾಗಿತ್ತು. "ಹಂಗಾದ್ರೆ ನೀನೇ ಹೇಳು. ನೀನು ಬೇಡ ಅಂದ್ರೆ ವಾಪಸ್ ಹೋಗೋಣ" ಅಂದೆ. ನಿಜವಾಗಿಯೂ ಹೋಗಿಬಿಡುತ್ತಿದ್ದೆ. ಆ ಕ್ಷಣಕ್ಕೆ ಅವಳ ಭಯವೆಲ್ಲ ನನ್ನದಾಗಿತ್ತು.

ಅಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡಳು. "ನಾನು ಹೇಳಲ್ಲ. ನಾನು ಹೇಳೋದೆಲ್ಲ ಭಯದ ಮಾತು. ನೀನು ಆ ಡಾಕ್ಟ್ರಮ್ಮನ ಮಾತು ಕೇಳ್ಸ್ಕೊಂಡಿದೀಯ, ಓದಿದೀಯ. ನೀನು ಏನಂದ್ರೂ ನಾನು ಇಲ್ಲೇ ಇರ್ತೀನಿ" ಅಂದಳು.

ನಾನು ಕೂತಲ್ಲೇ ಯೋಚಿಸಿದೆ. ಅಪ್ಪನ ಔಷಧಿ, ಅಜ್ಜಿಯ ಕಷಾಯ, ಅತ್ತೆಯ ನಕ್ಷತ್ರ, ಎಲ್ಲವನ್ನೂ ಒಂದೊಂದಾಗಿ ಪಕ್ಕಕ್ಕಿಟ್ಟರೆ ಉಳಿದದ್ದು ಒಂದೇ: ನೀರು ಕಮ್ಮಿಯಾಗಿದೆ. ಕಾದರೆ ಅದು ಜಾಸ್ತಿಯಾಗುವುದಿಲ್ಲ. ಎದ್ದು ಹೋಗಿ "ಅಡ್ಮಿಟ್ ಮಾಡ್ಕೊಳಿ ಮೇಡಂ" ಅಂದೆ. ಅಷ್ಟು ಹೊತ್ತಿಗೆ ಹೆಲ್ಮೆಟ್ ಕೈಯಲ್ಲಿ ಹಿಡಿದು ಬಂದ ನನ್ನ ಗಂಡನಿಗೆ ನರ್ಸು ಒಪ್ಪಿಗೆ ಕಾಗದ ಚಾಚಿದಳು. ಅವರು ಎಂದಿನಂತೆ ನನ್ನ ಮುಖ ನೋಡಿದರು. "ಕೊಡಿ ಇಲ್ಲಿ" ಎಂದು ಇಸಿದುಕೊಂಡು ನಾನೇ ಮೊದಲು ಸಹಿ ಹಾಕಿದೆ. ಆಮೇಲೆ ಪೆನ್ನನ್ನು ಅವರ ಕೈಗೆ ಕೊಟ್ಟೆ.

ಅತ್ತೆಗೆ ಫೋನು ಮಾಡಿ ಹೇಳುವ ಕೆಲಸವನ್ನು ಗಂಡನಿಗೇ ಬಿಟ್ಟೆ. ಒಂದು ವಾರದಲ್ಲಿ ಅವರು ಮಾಡಿದ ಧೈರ್ಯದ ಕೆಲಸ ಅದು. "ಅಮ್ಮ, ಅವಳೇ ತೀರ್ಮಾನ ಮಾಡಿದಾಳೆ, ನಂಗೂ ಸರಿ ಅನ್ಸುತ್ತೆ" ಎಂದು ಅವರು ಕಾರಿಡಾರಿನಲ್ಲಿ ಹೇಳುತ್ತಿದ್ದದ್ದು ನನಗೆ ಕೇಳಿಸಿತು. ವಾರದಿಂದ ಇದ್ದ ಸಿಟ್ಟಿನಲ್ಲಿ ಅರ್ಧ ಅಲ್ಲೇ ಇಳಿಯಿತು.

ಅಪ್ಪ ಹೇಳಿದ ಹಾಗೆ ಸಾಯಂಕಾಲಕ್ಕೇನೂ ಕೆಲಸ ಮುಗಿಯಲಿಲ್ಲ. ಮೊದಲು ಗರ್ಭದ ಬಾಯಿ ಮೆತ್ತಗಾಗಲು ಒಂದು ಜೆಲ್ ಇಟ್ಟರು. ಏನೂ ಆಗಲಿಲ್ಲ. ಇಡ್ಲಿ ತಿಂದೆ. ಆಗಲೂ ಏನೂ ಆಗಲಿಲ್ಲ. ಮಾರನೆಯ ಬೆಳಗ್ಗೆ ಡ್ರಿಪ್ ಹಾಕಿದ ಮೇಲೆ ಆಯಿತು ನೋಡಿ, ನಾನು ಜನ್ಮದಲ್ಲಿ ಆಡದ ಮಾತುಗಳನ್ನೆಲ್ಲ ಆಡಿದೆ. ತೆಲುಗಿನಲ್ಲೂ ಬೈದೆನಂತೆ, ನನಗೆ ಅಷ್ಟು ತೆಲುಗು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಹೊಟ್ಟೆಗೆ ಕಟ್ಟಿದ್ದ ಮಿಷಿನ್ನು ಮಗುವಿನ ಎದೆಬಡಿತವನ್ನು ಟಕ್ ಟಕ್ ಎಂದು ಕೇಳಿಸುತ್ತಲೇ ಇತ್ತು. ಅಮ್ಮ ನನ್ನ ಕಡೆ ನೋಡಲೇ ಇಲ್ಲ. ಪೂರ್ತಿ ಹೊತ್ತು ಆ ಸದ್ದನ್ನೇ ಕೇಳುತ್ತಾ ನಿಂತಿದ್ದಳು. ಒಮ್ಮೆ ಪಟ್ಟಿ ಜಾರಿ ಸದ್ದು ನಿಂತಾಗ ಅವಳು ಹಾಕಿದ ಕೂಗಿಗೆ ಇಬ್ಬರು ನರ್ಸುಗಳು ಓಡಿಬಂದರು.

ಮಧ್ಯಾಹ್ನದ ಊಟದ ಹೊತ್ತಿಗೆ ಮಗಳು ಹುಟ್ಟಿದಳು. ಹುಟ್ಟಿದ ತಕ್ಷಣವೇ ಅತ್ತಳು, ಸಿಟ್ಟಿನಿಂದ, ಎಲ್ಲರ ಮೇಲೂ ದೂರು ಹೇಳುವವಳ ಹಾಗೆ. ಅಮ್ಮ ಆಗಷ್ಟೇ ಮಿಷಿನ್ನಿನಿಂದ ನನ್ನ ಕಡೆ ತಿರುಗಿದಳು.

ಸಂಜೆ ಡಾಕ್ಟರು ನೋಡಲು ಬಂದರು. ನಾನು ಹಾಸಿಗೆಯ ಮೇಲೆ, ಅಮ್ಮ ಪಕ್ಕದ ಸ್ಟೂಲಿನ ಮೇಲೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾನು ಸುಮ್ಮನಿರಲಾರದೆ, "ಕಾದಿದ್ರೆ ಏನಾಗ್ತಿತ್ತು ಮೇಡಂ?" ಎಂದು ಕೇಳಿದೆ.

"ಏನೂ ಆಗ್ದೇನೂ ಇರ್ಬಹುದಿತ್ತು. ಯಾರಿಗೆ ಗೊತ್ತು?" ಎಂದು ನಕ್ಕು ಅವರು ಹೊರಟರು.

ಆಗ ಅಮ್ಮ ಅವರನ್ನು ತಡೆದಳು. ಮಗುವಿನ ಮುಖದಿಂದ ಕಣ್ಣು ತೆಗೆಯದೆಯೇ, "ಡಾಕ್ಟ್ರಮ್ಮ, ಇವಳಿಗಿಂತ ಮುಂಚೆ ನಂಗೊಂದು ಮಗು ಆಗಿತ್ತು. ದಿನ ದಾಟಿತ್ತು, ಔಷಧಿ ಹಾಕ್ಲಾ ಅಂದ್ರು, ನಾನು ಹೂಂ ಅಂದೆ. ಹುಟ್ಟಿದ್ಮೇಲೆ ಅಳಲಿಲ್ಲ. ನಾನು ಹೂಂ ಅನ್ದೆ ಇದ್ದಿದ್ರೆ ಉಳೀತಿತ್ತಾ?" ಅಂದಳು.

ಡಾಕ್ಟರು ಬಾಗಿಲಿನಿಂದ ವಾಪಸ್ಸು ಬಂದು ನನ್ನ ಹಾಸಿಗೆಯ ಅಂಚಿನಲ್ಲಿ ಕೂತರು. "ಗೊತ್ತಿಲ್ಲಮ್ಮ. ಕಾದಿದ್ರೂ ಹಂಗೇ ಆಗ್ಬಹುದಿತ್ತು. ಅವತ್ತು ಹೀಗೆ ಕೇಳ್ತಾ ಕೂರೋ ಮಿಷಿನ್ ಇತ್ತೋ ಇಲ್ವೋ. ನೀವು ಹೂಂ ಅಂದಿದ್ದು ಮಗು ಬರ್ಲಿ ಅಂತ ತಾನೇ? ಅದ್ರಲ್ಲಿ ನಿಮ್ ತಪ್ಪೇನಿದೆ?"

ಅಮ್ಮ ತಲೆಯಾಡಿಸಿದಳು. ಹೌದೆಂದೋ ಇಲ್ಲವೆಂದೋ ಗೊತ್ತಾಗಲಿಲ್ಲ. ಮಗುವಿನ ತಲೆಯ ಮೇಲಿನ ಬಟ್ಟೆಯನ್ನು ಸ್ವಲ್ಪ ಸರಿಸಿ ನೋಡಿದಳು. ಆಮೇಲೆ ನಮ್ಮಿಬ್ಬರಿಗೂ ಕೇಳುವ ಹಾಗೆ ಅಂದಳು:

"ಅವನಿಗೂ ಇಷ್ಟೇ ಕೂದ್ಲಿತ್ತು."