ಐದನೇ ವರ್ಷದ ಕಟ್ಟಿಗೆ

ಇಪ್ಪತ್ತೆರಡು ಸಾವಿರ ರೂಪಾಯಿ. ನಾಲ್ಕು ಟ್ರ್ಯಾಕ್ಟರ್ ಲೋಡು ಬಳ್ಳಾರಿ ಜಾಲಿ. ಸೀಳುವ ಕೂಲಿ ಬೇರೆ.

ಮಾಳಿಗೆಯ ಮೇಲೆ ಸೋಲಾರ್, ಬಚ್ಚಲಲ್ಲಿ ಗೀಸರ್, ಅಡುಗೆಮನೆಯಲ್ಲಿ ಎರಡು ಸಿಲಿಂಡರ್ ಇಟ್ಟುಕೊಂಡವನು ಇಷ್ಟು ದುಡ್ಡು ಸುರಿದು ಕಟ್ಟಿಗೆ ಯಾಕೆ ಕೊಂಡ? ಹೊಸಪೇಟೆಯ ನಮ್ಮ ಓಣಿಯಲ್ಲಿ ಈಗ ಎಲ್ಲರಿಗೂ ಇದೇ ಪ್ರಶ್ನೆ. ಎದುರು ಮನೆಯ ಮೇಷ್ಟ್ರು ಗೇಟಿನ ಹತ್ತಿರ ನಿಂತು, "ಏನ್ರೀ ಸಾವ್ಕಾರ್ರ, ಖಾನಾವಳಿ ಇಡ್ತೀರೇನು?" ಎಂದು ಕೇಳಿದರು. ಇನ್ನೊಬ್ಬರು ಏನೂ ಕೇಳಲಿಲ್ಲ. ಒಟ್ಟಿದ ಕಟ್ಟಿಗೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ಹೋದರು. (ನನಗೆ ಅರ್ಥವಾಯಿತು. ಆ ಕೆಲಸಕ್ಕೆ ಇಷ್ಟೊಂದು ಬೇಕಾಗುವುದಿಲ್ಲ, ಗಾಬರಿಯಾಗಬೇಡಿ.)

ಕಾರಣ ಹೇಳುತ್ತೇನೆ. ನನ್ನ ಹೆಂಡತಿ ಈರಮ್ಮನಿಗೆ ಮೊಣಕಾಲು ನೋವು. ಬೆಳಿಗ್ಗೆ ಹಂಡೆಯಲ್ಲಿ ಕಾದ ನೀರು ಕಾಲಿಗೆ ಬಿದ್ದರೆ ದಿನವೆಲ್ಲ ಓಡಾಡುತ್ತಾಳೆ. ಬೀಳದಿದ್ದರೆ ಗೋಡೆ ಹಿಡಿದು ನಡೆಯುತ್ತಾಳೆ. ನಮ್ಮೂರಿನ ಬೇಸಿಗೆಯಲ್ಲಿ ನಲ್ಲಿ ನೀರೇ ಸುಡುತ್ತದೆ, ಆಗಲೂ ಅವಳಿಗೆ ಹಂಡೆಯೇ ಬೇಕು. "ಗೀಸರ್ ನೀರು ಮೈಮ್ಯಾಲೆ ಬಿದ್ದು ಹರಿದು ಹೋಗ್ತತಿ. ಹಂಡೇದ ನೀರು ಒಳಗ ಇಳಿತತಿ" ಎನ್ನುವುದು ಅವಳ ವಿಜ್ಞಾನ. ನಾನು ವಾದ ಮಾಡುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರಿಗೆ ಗೀಸರಿನ ಕಾಯಿಲ್ ಎರಡು ಸಲ ಸುಟ್ಟುಹೋದ ಮೇಲೆ ಅವಳ ವಿಜ್ಞಾನವೇ ಅಗ್ಗ ಎಂದು ನನಗೂ ಅನ್ನಿಸಿದೆ.

ಸರಿ, ಕಟ್ಟಿಗೆ ಬೇಕು. ಆದರೆ ಐದು ವರ್ಷದ್ದು ಒಮ್ಮೆಲೇ ಯಾಕೆ?

ಇಷ್ಟು ದಿನ ವರ್ಷಕ್ಕೆ ಮುಕ್ಕಾಲು ಲೋಡಿನಷ್ಟು ತರಿಸಿ, ಹಿತ್ತಲಿನಲ್ಲಿ ನಾನೇ ಕೊಡಲಿ ಹಿಡಿದು ಸೀಳುತ್ತಿದ್ದೆ. ಹೋದ ದೀಪಾವಳಿಗೆ ಮುಂಚೆ ಎದೆಯಲ್ಲಿ ಒಂದು ಸ್ಟೆಂಟ್ ಕೂತಿತು. ಡಾಕ್ಟರು ಬಿಡಿಸಬೇಕಾದ ಚಟಗಳನ್ನೆಲ್ಲ ಹೇಳುತ್ತಾ ಹೋದರು. ಬೀಡಿ ಇಲ್ಲ, ಕುಡಿತ ಇಲ್ಲ, ಏನನ್ನು ಬಿಡಿಸುವುದು? ಕೊನೆಗೆ ಕೊಡಲಿ ಬಿಡಿಸಿದರು.

ಅವತ್ತಿನಿಂದ ತಲೆಯಲ್ಲಿ ಒಂದು ಲೆಕ್ಕ ಶುರುವಾಯಿತು. ನಮ್ಮ ಮನೆತನದಲ್ಲಿ ಗಂಡಸರು ಬೇಗ ಎದ್ದು ಹೋಗುತ್ತಾರೆ. ನಾನೂ ಹಾಗೇ ಹೋದರೆ ಈರಮ್ಮನ ಒಲೆಗೆ ಕಟ್ಟಿಗೆ ಒದಗಿಸುವವರು ಯಾರು? ಮಗ ಒಳ್ಳೆಯವನು, ನಮ್ಮ ಜೊತೆಗೇ ಮೇಲಿನ ಮಹಡಿಯಲ್ಲಿ ಇದ್ದಾನೆ, ಹಾರ್ಡ್‌ವೇರ್ ಅಂಗಡಿ ಈಗ ಅವನೇ ನೋಡುತ್ತಾನೆ. ಕೇಳಿದರೆ ಇಲ್ಲ ಅನ್ನುವವನಲ್ಲ. ಆದರೆ ಈರಮ್ಮ ಯಾರನ್ನೇ ಆಗಲಿ ಒಂದು ಸಲ ಕೇಳುತ್ತಾಳೆ. ಎರಡನೇ ಸಲ ಕೇಳುವುದಿಲ್ಲ, ಗೋಡೆ ಹಿಡಿಯುತ್ತಾಳೆ.

ಹಾಗಾಗಿ ಯಾರನ್ನೂ ಕೇಳದ ಹಾಗೆ ಮಾಡಿಟ್ಟು ಹೋಗಬೇಕು. ಇದನ್ನು ಮನೆಯಲ್ಲಿ ಹೇಳಲಿಲ್ಲ. "ರೇಟು ಏರೋಕಿಂತ ಮುಂಚೆ ತಗೊಂಡ್ರ ಒಳ್ಳೇದು" ಎಂದಷ್ಟೇ ಹೇಳಿದೆ. ನನ್ನ ಬಾಯಿಂದ ಈ ಮಾತು ಬಂದರೆ ಯಾರಿಗೂ ಅನುಮಾನ ಬರುವುದಿಲ್ಲ.

ಸಂಡೂರು ತಾಲೂಕಿನ ಬಂಡ್ರಿಯಲ್ಲಿ ಹನುಮಂತಪ್ಪ ಎಂಬ ರೈತ ಬೀಳುಬಿದ್ದ ಹೊಲಕ್ಕೆ ಜೆಸಿಬಿ ಬಿಟ್ಟು ಜಾಲಿ ಕೀಳಿಸುತ್ತಿದ್ದಾನೆ ಎಂದು ಸುದ್ದಿ ಬಂತು. ಬಸ್ ಹತ್ತಿದೆ. ಹೊಲದ ಬದುವಿನಲ್ಲಿ ಬೊಡ್ಡೆ ಸಮೇತ ಜಾಲಿ ರಾಶಿ ಬಿದ್ದಿತ್ತು. ಎಲ್ಲ ಹಸಿ.

"ಲೋಡಿಗೆ ಎಂಟು ಸಾವಿರ ನೋಡ್ರಿ" ಎಂದ.

ನಾನು ಬೆಲೆಯ ಮಾತೇ ಎತ್ತಲಿಲ್ಲ. ಬೇವಿನ ಮರದ ಕೆಳಗೆ ಕೂತು, "ಚಾ ಸಿಗ್ತದೇನಪ್ಪಾ?" ಎಂದೆ.

ಓದುಗರೇ, ಇದನ್ನು ನೆನಪಿಡಿ. ಚೌಕಾಶಿ ನಾನು ಕಲಿತದ್ದು ಹಂಪಿ ಬಜಾರಿನಲ್ಲಿ, ಹುಡುಗನಾಗಿ ಟೂರಿಸ್ಟರಿಗೆ ಹುಲ್ಲಿನ ಟೋಪಿ ಮಾರುವಾಗ. ಅಲ್ಲಿ ಕಲಿತ ಪಾಠ ಒಂದೇ: ಅವಸರ ಯಾರಿಗಿದೆ ಎಂದು ಮೊದಲು ನೋಡಬೇಕು. ಬಿಸಿಲಲ್ಲಿ ಅವಸರ ಟೂರಿಸ್ಟನಿಗೆ, ನನಗಲ್ಲ. ಇಲ್ಲಿ ಮಳೆ ಬರುವ ಮುಂಚೆ ಹೊಲ ಖಾಲಿಯಾಗಬೇಕು, ಮೆಕ್ಕೆಜೋಳ ಬಿತ್ತಬೇಕು. ಅವಸರ ಹನುಮಂತಪ್ಪನದು. ಜಾಗ ಖಾಲಿ ಮಾಡಬೇಕಾದವನ ಹತ್ತಿರ ಕೊಳ್ಳುವವನು ನಿಧಾನವಾಗಿ ಚಹಾ ಕುಡಿಯಬಹುದು.

ಇನ್ನೊಂದು. ಹಸಿ ಕಟ್ಟಿಗೆಯನ್ನು ಯಾವತ್ತೂ ತೂಕಕ್ಕೆ ಕೊಳ್ಳಬೇಡಿ, ಲೋಡಿಗೆ ಕೊಳ್ಳಿ. ತೂಕಕ್ಕೆ ಕೊಂಡರೆ ನೀರಿಗೆ ದುಡ್ಡು ಕೊಟ್ಟ ಹಾಗೆ. ಮನೆಯಲ್ಲಿ ಒಣಗಿಸಲು ಜಾಗ ಇರುವವರು ಹಸಿಯದನ್ನೇ ಕೊಳ್ಳಬೇಕು. ಬಿಸಿಲಿಗೇನು, ನಮ್ಮ ಜಿಲ್ಲೆಯಲ್ಲಿ ಅದೊಂದು ಪುಕ್ಕಟೆ.

ಎರಡನೇ ಚಹಾ ಮುಗಿಯುವಷ್ಟರಲ್ಲಿ ಬೆಲೆ ಐದೂವರೆ ಸಾವಿರಕ್ಕೆ ಬಂತು. ಹನುಮಂತಪ್ಪ ನಗುತ್ತ ಕೈಕೊಡವಿ, "ನಿಮ್ಮಂಥೋರು ದಿನಾ ಒಬ್ಬರು ಬಂದ್ರ ನಾನೂ ಜಾಲಿ ಜೋಡಿ ಹೋಗ್ತೀನ್ರಿ" ಎಂದ. ಆಮೇಲೆ ಕೇಳಿದ: "ಎಷ್ಟು ವರ್ಸಕ್ಕ ಬೇಕ್ರಿ ನಿಮಗ?"



ಜೀವಮಾನವಿಡೀ ನಂಬರ್ ಇಳಿಸಿದವನು ನಾನು. ಇದನ್ನು ಎಷ್ಟು ಹೇಳಲಿ? ಎರಡು ಅಂದರೆ ಜೀವ ಒಪ್ಪುವುದಿಲ್ಲ. ಹತ್ತು ಅಂದರೆ ದುರಾಸೆ. ಅದೂ ಯಾರ ವರ್ಷ ಹೇಳುತ್ತಿದ್ದೇನೆ, ನನ್ನದೋ ಅವಳದೋ? ಕೊನೆಗೆ, "ಐದು ವರ್ಷಕ್ಕ ಆಗುವಷ್ಟು ಕೊಡು" ಎಂದೆ.

"ಐದ ಯಾಕ್ರಿ, ಹತ್ತು ವರ್ಸದ್ದು ಒಯ್ರಿ. ಭಾಳ ಗಟ್ಟಿ ಅದೀರಿ."

ಸರಕು ಖರ್ಚಾಗಲೆಂದು ಗಿರಾಕಿಯ ಆಯುಷ್ಯ ಹೆಚ್ಚಿಸುವ ವ್ಯಾಪಾರಿಯನ್ನು ಅವತ್ತೇ ಮೊದಲು ನೋಡಿದ್ದು. ಆ ಮಾತು ಕೇಳಿ ನನಗೆ ಸಂತೋಷವೂ ಆಯಿತು, ಯಾಕೆ ಸುಳ್ಳು ಹೇಳಲಿ. ಆದರೂ ನಾಲ್ಕೇ ಲೋಡು ತಂದೆ. ನಮ್ಮ ಮನೆಯ ಖರ್ಚಿಗೆ ಅದು ಐದು ವರ್ಷ ಬರುತ್ತದೆ.

ಸೀಳಲು ಇಬ್ಬರನ್ನು ಗೊತ್ತು ಮಾಡಿದೆ. ದಪ್ಪ ದಪ್ಪ ಸೀಳಿ ಎಂದು ಹೇಳಿದೆ. ದಪ್ಪ ಕೊಳ್ಳಿ ನಿಧಾನ ಉರಿಯುತ್ತದೆ, ಕೆಂಡ ನಿಲ್ಲುತ್ತದೆ, ಸೀಳುವ ಕೂಲಿಯೂ ಉಳಿಯುತ್ತದೆ. ಹೇಳಿ, ಸಂಬಂಧಿಕರ ನಿಶ್ಚಿತಾರ್ಥಕ್ಕೆಂದು ಕಂಪ್ಲಿಗೆ ಹೋದೆ.

ಸಂಜೆ ಬಂದು ನೋಡುತ್ತೇನೆ, ಕೆಲಸ ಅರ್ಧವೂ ಆಗಿಲ್ಲ. ಹಿತ್ತಲ ಗೋಡೆಗೆ ಹೊಂದಿಸಿ ಕಲ್ಲು ಚಪ್ಪಡಿಯ ಮೇಲೆ ಒಟ್ಟಿದ ಹಿಂದಿನ ಸಾಲಿನ ಕಟ್ಟಿಗೆ ಹೆಬ್ಬೆರಳಿನಷ್ಟು ಸಣ್ಣ. ಉದ್ದವೂ ಮೊಳಕ್ಕಿಂತ ಕಡಿಮೆ. ಎತ್ತರ ಸೊಂಟದ ಮಟ್ಟಕ್ಕೆ ನಿಂತಿದೆ, ಮೇಲೆ ಏರಿಸಿಲ್ಲ. ಅದರ ಮುಂದಿನ ಸಾಲು ಸ್ವಲ್ಪ ದಪ್ಪ.

"ಯಾರಪ್ಪ ಹಿಂಗ ಸೀಳಾಕ ಹೇಳಿದ್ದು? ಕೂಲಿ ಡಬಲ್ ಆಗ್ತತಲ್ಲ" ಎಂದೆ.

ಕೊಡಲಿಯವರಿಬ್ಬರೂ ಅಡುಗೆಮನೆಯ ಕಡೆ ನೋಡಿದರು. "ಅಮ್ಮಾರು ಹೇಳ್ಯಾರ್ರಿ. ಸಣ್ಣವು ಹಿಂದ, ದಪ್ಪನವು ಮುಂದ ಅಂತ."

ಅವರನ್ನು ಕಳಿಸಿ ಈರಮ್ಮನನ್ನು ಹಿತ್ತಲಿಗೆ ಕರೆದೆ.

"ಇದೇನು, ಕಟ್ಟಿಗಿ ಸೀಳಿಸಿಯೋ, ಹಲ್ಲುಕಡ್ಡಿ ಮಾಡಿಸಿಯೋ?"

"ಹಿಂದಿನ ಸಾಲಷ್ಟ ಸಣ್ಣವು. ಅವು ಕಡೀ ವರ್ಸಕ್ಕ ಬರೋವು."

"ಕಡೀ ವರ್ಷಕ್ಕ ಸಣ್ಣ ಯಾಕ?"

"ಕೈಯಾಗ ಈಗಿನ ಶಕ್ತಿನ ಆಗಲೂ ಇರ್ತತೇನು?"

ನೋಡಿ, ನಾಲ್ಕು ಲೋಡಿಗೆ ಬೆಲೆ ಕಟ್ಟಿದೆ, ಜಾಗ ಅಳೆದೆ, ಗೆದ್ದಲಿಗೆ ಚಪ್ಪಡಿ ಹಾಸಿದೆ, ಮಳೆಗೆ ತಗಡು ತಂದೆ. ಐದನೇ ವರ್ಷದ ಕಟ್ಟಿಗೆಯನ್ನು ಐದನೇ ವರ್ಷದ ಕೈ ಎತ್ತಬೇಕು ಎನ್ನುವುದು ನನಗೆ ಹೊಳೆಯಲಿಲ್ಲ. ಇವಳು ಆಗಿನ ಕೈಗೆ ತಕ್ಕಂತೆ ಸೀಳಿಸುತ್ತಿದ್ದಾಳೆ.

ಜೊತೆಗೆ ಎದೆಯಲ್ಲಿ ಸಣ್ಣಗೆ ಚುಚ್ಚಿತು ಕೂಡ. ನಾನು ಇರುವುದಿಲ್ಲ ಎಂದು ಇವಳೂ ಲೆಕ್ಕ ಹಾಕಿದ್ದಾಳೆ. ಒಳ್ಳೆಯದೇ. ಸತ್ಯ ಹೇಳುವ ಕೆಲಸ ತಪ್ಪಿತು.

"ಪಾಡಾತು ಬಿಡು, ಚಲೋ ಮಾಡಿದಿ. ನಾ ಹೋದ ಮ್ಯಾಲ ನಿನಗ ಎತ್ತಾಕ ಹಗುರ ಇರ್ತತಿ" ಎಂದೆ.

ಈರಮ್ಮ ನನ್ನ ಮುಖವನ್ನೇ ನೋಡಿದಳು. "ನನಗ್ಯಾಕ್ರಿ? ನಾ ಹುಟ್ಟಿದಾಗಿಂದ ಕಟ್ಟಿಗಿ ಎತ್ತೀನಿ. ಅವು ನಿಮ್ಮ ಪಾಲಿನವು."

"ನನ್ನವೇ?"

"ಮತ್ತಿನ್ನೇನು? ಬೊಡ್ಡಿ ಒಡೆಯಾಕ ಬರ್ತತಿ ನಿಮಗ, ಒಲಿ ಹೊತ್ತಸಾಕ ಬರಂಗಿಲ್ಲ. ಹೋದ ಮಳಿಗಾಲದಾಗ ಗೀಸರ್ ಸುಟ್ಟು, ನಾ ಅಕ್ಕನ ಊರಿಗೆ ಹೋದಾಗ ಮೇಷ್ಟ್ರ ಮನ್ಯಾಗ ಜಳಕ ಮಾಡಿ ಬಂದೀರಂತ, ಗೊತ್ತಿಲ್ಲನು ನನಗ? ದಪ್ಪನವು ನಿಮ್ಮ ಕೈಗೆ ಹತ್ತೂದಿಲ್ಲ. ಇವು ಒಂದು ಪೇಪರ್ ತುಂಡಿಗೆ ಹತ್ತತಾವ. ಸೊಂಟಾನೂ ಬಗ್ಗೂದು ಬ್ಯಾಡ." ಮೂಲೆಯಲ್ಲಿ ಬಾಯಿ ಕಟ್ಟಿಟ್ಟ ಗೋಣಿಚೀಲಗಳನ್ನು ತೋರಿಸಿದಳು. ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು, ಒಲೆ ಹತ್ತಿಸಲು. ಅವನ್ನೂ ನನಗೆಂದೇ ತುಂಬಿಟ್ಟಿದ್ದಳು.

ಅಂದರೆ ನಾನು ಅವಳಿಗೆಂದು ಕೊಂಡ ಕಟ್ಟಿಗೆಯನ್ನು ಅವಳು ನನಗೆಂದು ಸೀಳಿಸುತ್ತಿದ್ದಳು. ಇಬ್ಬರೂ ತಾನೇ ಮೊದಲು ಹೋಗುವುದು ಎಂದು ತೀರ್ಮಾನಿಸಿ, ಇನ್ನೊಬ್ಬರಿಗೆ ಬಿಸಿನೀರು ತಪ್ಪಬಾರದೆಂದು ಗುಟ್ಟಾಗಿ ಓಡಾಡುತ್ತಿದ್ದೆವು.

ನನಗೆ ಸಿಟ್ಟು ಬಂತು. (ಕಣ್ಣಲ್ಲಿ ನೀರು ಬರುವ ಹಾಗಿದ್ದರೆ ನಾನು ಸಿಟ್ಟು ಮಾಡುತ್ತೇನೆ. ಗಂಡಸರಲ್ಲಿ ಇದು ಸಾಮಾನ್ಯ.)

"ಎದಿಯಾಗ ಸ್ಟೆಂಟ್ ಇರೋದು ನನಗ. ನೀ ಹೆಂಗ ಮೊದಲು ಹೋಗ್ತಿ?"

"ನಿಮ್ಮದು ಹೊಸಾ ಸಾಮಾನು ಹಾಕಿ ರಿಪೇರಿ ಆಗೇತಿ. ನನ್ನದು ಹಳೇ ಗಾಡಿ. ಸಕ್ಕರಿ ಬ್ಯಾರೆ ಐತಿ."

"ನಮ್ಮ ಅಪ್ಪಂದು, ಕಾಕಾಂದು ನೋಡಿಲ್ಲೇನು?"

"ಅವರು ಬೀಡಿ ಸೇದಿ ಹೋದ್ರು. ನೀವು ಬೀಡಿಗೆ ರೊಕ್ಕ ಬಿಚ್ಚೋರಾ?" ಎಂದವಳು ನನ್ನ ತೋಳು ಹಿಡಿದಳು. "ಇದರಾಗೂ ಚೌಕಾಸಿ ಮಾಡಬ್ಯಾಡ್ರಿ. ಬರ್ರಿ, ಊಟಕ್ಕ ಕುಂದ್ರಿ."

ಅಷ್ಟರಲ್ಲಿ ಮಹಡಿಯ ಮೇಲಿಂದ ಸೊಸೆ ಸವಿತಾಳ ದನಿ ಬಂತು. ಬಟ್ಟೆ ತೆಗೆಯಲು ಬಂದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಮಾವಾರ, ಅತ್ತೀ, ಇಬ್ಬರೂ ಎಲ್ಲಿಗೂ ಹೋಗಬ್ಯಾಡ್ರಿ. ಇಷ್ಟು ಕಟ್ಟಿಗಿ ಇಟ್ಟುಕೊಂಡು ನಾವೇನು ಮಾಡೂಣು?"

ಮೂವರೂ ನಕ್ಕೆವು. ಈರಮ್ಮ ನಗುತ್ತಲೇ ಸೆರಗಿನಿಂದ ಮೂಗು ಒರೆಸಿಕೊಂಡಳು.

ಮರುದಿನ ಕೊಡಲಿಯವರು ಬಂದಾಗ, ಅಮ್ಮ ಹೇಳಿದ ಹಾಗೇ ಸೀಳಿ ಎಂದೆ. ಕೂಲಿ ಹೆಚ್ಚು ಕೇಳಿದರು. ಕೊಟ್ಟೆ. ಚೌಕಾಶಿ ಮಾಡಲಿಲ್ಲ. (ಓದುಗರು ಬೇರೆ ಯಾರಿಗೂ ಹೇಳಬೇಡಿ, ನನ್ನ ಮಾರ್ಕೆಟ್ ಹಾಳಾಗುತ್ತದೆ.)

ಈಗ ಬೆಳಿಗ್ಗೆ ಬಚ್ಚಲ ಒಲೆ ಹೊತ್ತಿಸುವ ಕೆಲಸ ನನ್ನದು. ಈರಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾಲು ಚಾಚಿ ಕೂತು ಮೇಲ್ವಿಚಾರಣೆ ಮಾಡುತ್ತಾಳೆ. "ಅಂಗಡ್ಯಾಗ ಮಾಲು ತುಂಬಿದಂಗ ತುಂಬಬ್ಯಾಡ್ರಿ, ಬೆಂಕಿ ಉಸುರಾಡಬೇಕು." "ಬೆಂಡು ಕೆಳಗ ಇಡ್ರಿ, ಮ್ಯಾಲಲ್ಲ." "ಅಷ್ಟು ಊದಬ್ಯಾಡ್ರಿ, ಎದಿ ನಿಮ್ಮದು." ಹೊಗೆ ನನ್ನ ಕಣ್ಣಿಗೆ, ಬಿಸಿನೀರು ಅವಳ ಕಾಲಿಗೆ. ಮೊನ್ನೆ ಮೊದಲ ಸಲ ಒಂದೇ ಕಡ್ಡಿಗೆ ಒಲೆ ಹತ್ತಿತು. ಅವಳು ಬಾಯಿಬಿಟ್ಟು ಹೊಗಳಲಿಲ್ಲ. ಹಂಡೆಯ ಮೈಮುಟ್ಟಿ ನೋಡಿ, "ಇವತ್ತು ಪಾಡ ಐತಿ" ಎಂದಳು. ಅಂಗಡಿಯ ಮೊದಲ ದಿನದ ವ್ಯಾಪಾರಕ್ಕೂ ನಾನು ಅಷ್ಟು ಹಿಗ್ಗಿರಲಿಲ್ಲ.

ಆ ಹಿಗ್ಗಿನಲ್ಲೇ ಯೋಚಿಸಿದೆ. ಯಾರಿಗೆ ಥ್ಯಾಂಕ್ಸ್ ಹೇಳಲಿ? ಕೊಡಲಿ ಬಿಡಿಸಿದ ಡಾಕ್ಟರಿಗೆ? ಹೊಲ ಖಾಲಿ ಮಾಡಲು ಅವಸರಪಟ್ಟ ಹನುಮಂತಪ್ಪನಿಗೆ? ನಮ್ಮ ಹೊಲ, ಹಳ್ಳ ಎಲ್ಲ ನುಂಗಿದ್ದಕ್ಕೆ ಇಷ್ಟು ದಿನ ಬೈದ ಆ ಜಾಲಿ ಗಿಡಕ್ಕೂ ಒಂದು ನಮಸ್ಕಾರ ಹೇಳಬೇಕಲ್ಲವೇ? ಹೆಂಡತಿಗೆ ಹೇಳಿದರೆ, "ಯಾಕ, ಮೈಯಾಗ ಆರಾಮಿಲ್ಲೇನು?" ಎನ್ನುತ್ತಾಳೆ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಅವಳು ನನ್ನ ಅಂಕಣ ಓದುವುದಿಲ್ಲ. ಸವಿತಾ ಓದಿ ಹೇಳುತ್ತಾಳೆ, ಅಷ್ಟು ಸಾಕು.

ಇನ್ನು ಸಲಹೆ. ಪುಕ್ಕಟೆ ಕೊಡುವುದು ನನ್ನ ಸ್ವಭಾವವಲ್ಲ, ಆದರೂ ತಗೊಳ್ಳಿ. ಕೈಕಾಲು ಗಟ್ಟಿ ಇರುವಾಗಲೇ ಮುಂದಿನ ವರ್ಷಗಳ ಕಟ್ಟಿಗೆ ತಂದಿಡಿ. ಮಳೆಗೆ ಮುಂಚೆ ಕೊಳ್ಳಿ, ಹಸಿಯದನ್ನು ಲೋಡಿಗೆ ಕೊಳ್ಳಿ. ನೆಲಕ್ಕೆ ತಾಗಿಸಬೇಡಿ, ಗೆದ್ದಲು ಬಿಡುವುದಿಲ್ಲ. ತಗಡನ್ನು ಮೇಲೆ ಮಾತ್ರ ಮುಚ್ಚಿ, ಪಕ್ಕದಲ್ಲಿ ಗಾಳಿ ಆಡಲಿ. ತೆಗೆಯುವಾಗ ಕೋಲಿನಿಂದ ಒಮ್ಮೆ ಬಡಿದು ತೆಗೆಯಿರಿ, ಚೇಳಿಗೂ ಆ ಜಾಗ ಇಷ್ಟ. ಹತ್ತಿರದ ವರ್ಷದ್ದು ದಪ್ಪ, ದೂರದ ವರ್ಷದ್ದು ಸಣ್ಣ. ಒಟ್ಟುವುದು ಸೊಂಟದ ಎತ್ತರಕ್ಕೆ, ಅದಕ್ಕಿಂತ ಮೇಲೆ ಬೇಡ. ಕಟ್ಟಿಗೆ ಬೇಡ ಎನ್ನುವವರು ಗೀಸರಿನ ಸ್ವಿಚ್ ಎಲ್ಲಿದೆ, ಔಷಧಿ ಡಬ್ಬಿ ಎಲ್ಲಿದೆ, ಅಕ್ಕಿಗೆ ನೀರು ಎಷ್ಟು ಎಂದಾದರೂ ತಿಳಿದುಕೊಳ್ಳಿ.

ಕಟ್ಟಿಗೆಯನ್ನು ಐದು ವರ್ಷಕ್ಕಾಗುವಷ್ಟು ಕೊಳ್ಳಿ. ಒಲೆ ಹೊತ್ತಿಸುವುದನ್ನು ಮಾತ್ರ ನಾಳೆ ಬೆಳಿಗ್ಗೆಯೇ ಕಲಿಯಿರಿ, ತಪ್ಪು ತೋರಿಸಿ ಬೈಯುವವರು ಎದುರಿಗೆ ಕೂತಿರುವಾಗಲೇ.